ಬಣ್ಣ ಕಳೆಯುವ ಖರ್ಚು

ರಾಯಚೂರು ಕಡೆಯ ಕಲ್ಮಲದ ಎರೆ ಹೊಲದಲ್ಲಿ ಹತ್ತಿ ಒಡೆದರೆ ದೇವರೇ ಕಪ್ಪು-ಬಿಳುಪು ಫೋಟೊ ತೆಗೆದಿಟ್ಟ ಹಾಗೆ. ಡಿಜಿಟಲ್ ಕ್ಯಾಮೆರಾಕ್ಕೆ ಕೆಲಸವೇ ಇಲ್ಲ. ಪೇಚಾಟ ಮೆಣಸಿನಕಾಯಿಯದು. ಬಣ್ಣ ತೆಗೆದರೆ ಕೆಂಪುಕಾಯಿ, ಹಸಿಕಾಯಿ ಎರಡೂ ಬೂದಿ! ಅಸಲಿಗೆ ಕ್ಯಾಮೆರಾದ ಸೆನ್ಸರಿಗೆ ಗೊತ್ತಿರುವುದು ಬೆಳಕು ಮಾತ್ರ. ಅದರ ಮೇಲಿನ ಫಿಲ್ಟರಿನ ಚೌಕಗಳು, ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ, ಬಣ್ಣದ ಲೆಕ್ಕ ಒಪ್ಪಿಸುತ್ತವೆ. ಆ ಲೆಕ್ಕವನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುವಾಗ ಕೆಂಪು ಏರಿಸಿದರೆ ಕೆಂಪುಕಾಯಿ ಬೆಳ್ಳಗೆ. ರಾಯಚೂರಿನ ಬೋಳು ನೀಲಿ ಆಕಾಶಕ್ಕೂ ಮೋಡ ಕವಿಯುತ್ತದೆ, ಮಳೆಯೊಂದು ಬರುವುದಿಲ್ಲ. ನೀಲಿ ಏರಿಸಿದರೆ ಅದೇ ಕಾಯಿ ಇದ್ದಿಲು.

ಕಟ್ಟೆಯ ತಾತನಿಗೆ ಹೇಳಿದೆ: 2012ರಲ್ಲಿ ಲೈಕಾದವರು ಆ ಫಿಲ್ಟರನ್ನೇ ತೆಗೆದು, ಬರೀ ಕಪ್ಪು-ಬಿಳುಪಿನ ಕ್ಯಾಮೆರಾ ಮಾರಿದರು, ಬಣ್ಣದ್ದಕ್ಕಿಂತ ದುಬಾರಿಗೆ.

ತಾತ ಬೀಡಿ ಆರಿಸಿದ. "ಬೀಜ ತೆಗದ ಹತ್ತಿಗೇ ರೇಟ್ ಜಾಸ್ತಿ ತಮ್ಮಾ, ಸರಿ ಐತಿ ಬಿಡು."