ಸಮಸ್ಯೆ ಬಗೆಹರಿದಿದೆ, ಫೋಟೊ ಲಗತ್ತಿಸಿದೆ

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಈಚೆಗೆ ಸಮಸ್ಯೆಗಳಿಗಿಂತ ಅವುಗಳ ಪರಿಹಾರದ ಕಾರ್ಯಕ್ರಮಗಳೇ ಜಾಸ್ತಿ. ಜನವರಿ ಬಂತೆಂದರೆ ರಸ್ತೆ ಸುರಕ್ಷತೆ. ಜೂನ್ 26ಕ್ಕೆ ಮಾದಕವಸ್ತು ವಿರೋಧಿ ಜಾಥಾ. ಗಾಂಜಾ ಎಲ್ಲಿ ಸಿಗುತ್ತದೆ ಎಂಬುದು ಫಲಕ ಹಿಡಿದ ಕಾಲೇಜು ಹುಡುಗರಿಗೆ ಗೊತ್ತು, ಅವರನ್ನು ಸಾಲು ತಪ್ಪದಂತೆ ನಡೆಸುವ ಪೇದೆಗೂ ಗೊತ್ತು, ಆದರೆ ಜಾಥಾದ ಮಾರ್ಗ ಆ ಕಡೆಗಿಲ್ಲ. ಗಣಪತಿ ಕೂರಿಸುವ ಮುಂಚೆ ಶಾಂತಿ ಸಭೆ. ಡಿಸೆಂಬರ್ ಪೂರ್ತಿ ಅಪರಾಧ ತಡೆ ಮಾಸಾಚರಣೆ. ಉಳಿದ ಹನ್ನೊಂದು ತಿಂಗಳು ಅಪರಾಧಕ್ಕೆ ಏನು ವ್ಯವಸ್ಥೆ ಎಂದು ಕೇಳುವವರು ಕುಹಕಿಗಳು. ನಡುವೆ ಬಿಡುವು ಸಿಕ್ಕರೆ ‘ತೆರೆದ ಮನೆ’. ಶಾಲೆಯ ಮಕ್ಕಳು ಠಾಣೆಗೆ ಬಂದು ಲಾಕಪ್ ನೋಡಿ, ವೈರ್‌ಲೆಸ್ ಸೆಟ್ಟು ಮುಟ್ಟಿ, ಬಿಸ್ಕತ್ತು ತಿಂದು ಹೋಗುತ್ತವೆ. ಮಕ್ಕಳಿಗಿದ್ದ ಭಯ ಅಂದೇ ಬಿಡುತ್ತದೆ. ಮೊಬೈಲ್ ಕಳೆದುಕೊಂಡು ಅದೇ ಠಾಣೆಗೆ ಹೋದ ಅಪ್ಪನಿಗೆ ಮಾತ್ರ ‘ಅದು ನಮ್ಮ ಸರಹದ್ದಿಗೆ ಬರಲ್ಲ’ ಎಂಬ ಮಾತಿನೊಂದಿಗೆ ಮನೆ ಮುಚ್ಚಿಕೊಳ್ಳುತ್ತದೆ.

ಇಂಥ ಊರೊಂದರ ನಾಗರಿಕರ ಸಭೆಯನ್ನು ಒಂಚೂರು ಹತ್ತಿರದಿಂದ ನೋಡೋಣ. ಊರಿನ ಹೆಸರು ಬೇಡ, ಓದಿದವರೆಲ್ಲ ತಮ್ಮದೇ ಅಂದುಕೊಳ್ಳಲಿ. ಪೊಲೀಸರು ಸಭೆ ಕರೆದದ್ದು ಹತ್ತೂವರೆಗೆ, ಸಾಹೇಬರು ಬಂದದ್ದು ಹನ್ನೆರಡಕ್ಕೆ. ವೇದಿಕೆಯ ಹಿಂದೆ ಫ್ಲೆಕ್ಸು. ಅದರಲ್ಲಿ ಏಳು ಮುಖಗಳು, ಮುಖಗಳ ಕೆಳಗೆ ‘ಸಮುದಾಯದ ಸಹಭಾಗಿತ್ವದಲ್ಲಿ ಸಮಸ್ಯೆಗಳಿಗೆ ಪರಿಹಾರ’. ಸಮುದಾಯ ಮುಂದಿನ ಸಾಲಿನಲ್ಲೇ ಕೂತಿತ್ತು: ಚಿನ್ನದಂಗಡಿಯವರು, ಲಾಡ್ಜಿನ ಮಾಲೀಕರು, ನಿವೃತ್ತ ಹೆಡ್‌ಮಾಸ್ತರರು, ನಗರಸಭೆ ಸದಸ್ಯೆಯ ಪರವಾಗಿ ಅವರ ಯಜಮಾನರು. ಶಾಂತಿ ಸಭೆಗೂ ಇವರೇ, ಜಾಗೃತಿ ಸಭೆಗೂ ಇವರೇ, ಸಾಹೇಬರು ವರ್ಗವಾದರೆ ಬೀಳ್ಕೊಡುಗೆಗೂ ಇವರೇ. ಊರಿನಲ್ಲಿ ಸಮುದಾಯವಾಗುವ ಗುತ್ತಿಗೆ ಇವರದ್ದು, ನವೀಕರಣಕ್ಕೆ ಟೆಂಡರು ಬೇಕಿಲ್ಲ.

ಸ್ವಾಗತ, ಸನ್ಮಾನ, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ‘ಯಾರಾದರೂ ಸಮಸ್ಯೆ ಹೇಳಬಹುದು’ ಎಂದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಆಸ್ಪತ್ರೆ ಪಕ್ಕದ ಓಣಿಯಲ್ಲಿ ವಾರ ವಾರ ಬೈಕು ಹೋಗ್ತಾ ಇದೆ ಸಾರ್, ನಂದೂ ಹೋಯ್ತು ಅಂದ. ವೇದಿಕೆ ತಕ್ಷಣ ಸ್ಪಂದಿಸಿತು. ಸಾರ್ವಜನಿಕರು ಹ್ಯಾಂಡಲ್ ಲಾಕ್ ಮಾಡಬೇಕು. ಸಾರ್ವಜನಿಕರು ಜಾಗೃತರಾಗಬೇಕು. ವರ್ತಕರು ಸಿಸಿಟಿವಿ ಕ್ಯಾಮೆರಾ ಕೊಡಿಸಬೇಕು. ಆ ಓಣಿಯಲ್ಲಿ ಎಚ್ಚರಿಕೆಯ ಫ್ಲೆಕ್ಸ್ ಕಟ್ಟಿಸಲಾಗುವುದು. ಚಪ್ಪಾಳೆ. ಕಳ್ಳತನ, ಸರಗಳ್ಳತನ, ಸೈಬರ್ ವಂಚನೆ, ಬಾಲ್ಯವಿವಾಹ, ಬೀದಿ ನಾಯಿ, ಯಾವ ಕಾಯಿಲೆ ಹೇಳಿದರೂ ಹಿಂದಿನ ಕಾಲದ ಸರ್ಕಾರಿ ದವಾಖಾನೆಯ ಕೆಂಪು ಔಷಧಿಯಂತೆ ಸಿಗುವುದು ಈ ಮೂರೇ: ಜಾಗೃತಿ, ಕ್ಯಾಮೆರಾ, ಫ್ಲೆಕ್ಸು.

ಆ ಹೊತ್ತಿನಲ್ಲಿ ಸಭಾಂಗಣದ ಬಾಗಿಲ ಬಳಿ ನೀರಿನ ಬಾಟಲಿಗಳ ಕೇಸು ಹೊತ್ತು ನಿಂತಿದ್ದ ಪೇದೆ ಅದೇ ಓಣಿಯ ಬೀಟಿನವನು. ಆತನಿಗೆ ಎಲ್ಲ ಗೊತ್ತು. ಆಸ್ಪತ್ರೆಯ ಪಾರ್ಕಿಂಗ್ ಟೆಂಡರ್ ಮುಗಿದು ಮತ್ತೆ ಕರೆದಿಲ್ಲ, ಕಾಯುವವನು ಮನೆಗೆ ಹೋದ. ಗೇಟಿಗೆ ಬೀಗ ಬಿದ್ದಿದ್ದರಿಂದ ರೋಗಿಗಳ ಕಡೆಯವರು ಸಂಜೆ ನೋಡಲು ಬಂದಾಗ ಓಣಿಯಲ್ಲಿ ಗಾಡಿ ನಿಲ್ಲಿಸುತ್ತಾರೆ. ಓಣಿಯ ಕಂಬದಲ್ಲಿ ದೀಪವಿಲ್ಲ. ಕಳ್ಳರಿಗೂ ಭೇಟಿಯ ಸಮಯ ಬಾಯಿಪಾಠ. ಟೆಂಡರ್ ಕರೆದು, ಗೇಟು ತೆಗೆದು, ಬಲ್ಬು ಹಾಕಿದರೆ ಅರ್ಧ ಕೇಸು ದಾಖಲಾಗುವುದೇ ಇಲ್ಲ. ಇದನ್ನು ಆತ ಹೇಳಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಆತನನ್ನು ಕೇಳಿದ್ದು, ತಣ್ಣಗಿನ ನೀರು ಇದೆಯೇನಯ್ಯ ಅಂತ ಮಾತ್ರ.

ಬಲ್ಬಿನವರೆಗೆ ಯೋಚಿಸಿದವರು ಇಲ್ಲದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ಕಾನೂನು ಪ್ರಾಧ್ಯಾಪಕರಿದ್ದರು. ಪೊಲೀಸರು ಒಂದೊಂದೇ ಘಟನೆಯ ಹಿಂದೆ ಓಡುವ ಬದಲು ಘಟನೆಗಳ ಬುಡದಲ್ಲಿರುವ ಸಮಸ್ಯೆಗೆ ಕೈ ಹಾಕಬೇಕು ಎಂದು 1979ರಲ್ಲಿ ಒಂದು ಲೇಖನ ಬರೆದರು. ಉದ್ದೇಶ ಮರೆತು ವಿಧಾನಕ್ಕೇ ಜೋತುಬೀಳುವುದು ಹೇಗಿರುತ್ತದೆಂದು ತೋರಿಸಲು ಅದರ ಆರಂಭಕ್ಕೆ ಅವರು ಆರಿಸಿಕೊಂಡದ್ದು ಇಂಗ್ಲೆಂಡಿನ ಒಂದು ಪತ್ರಿಕಾ ಸುದ್ದಿ. ಅಲ್ಲಿನ ಬಸ್ ಚಾಲಕರು ನಿಲ್ದಾಣದಲ್ಲಿ ಸಾಲುಗಟ್ಟಿ ನಿಂತವರನ್ನು ನೋಡಿ ನಕ್ಕು, ಕೈ ಬೀಸಿ, ಬಸ್ ನಿಲ್ಲಿಸದೆ ಹೋಗುತ್ತಿದ್ದರಂತೆ. ಜನ ದೂರು ಕೊಟ್ಟರು. ಪ್ರಯಾಣಿಕರಿಗಾಗಿ ನಿಲ್ಲಿಸುತ್ತಾ ಹೋದರೆ ವೇಳಾಪಟ್ಟಿ ಪಾಲಿಸುವುದು ಅಸಾಧ್ಯ ಎಂಬ ಸಮಜಾಯಿಷಿ ಬಂತು. ಅದನ್ನು ಬರೆದವರಿಗೆ ನಮ್ಮ ಯಾವ ಕಚೇರಿಯಲ್ಲಾದರೂ ಕಣ್ಣು ಮುಚ್ಚಿ ಕೆಲಸ ಕೊಡಬಹುದಿತ್ತು.

ಗೋಲ್ಡ್‌ಸ್ಟೈನರ ಮಾತನ್ನು ನಿಜಕ್ಕೂ ಪರೀಕ್ಷೆಗೆ ಹಚ್ಚಿದ್ದು 1980ರ ದಶಕದ ನಡುವಿನಲ್ಲಿ, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಎಂಬ ಹಡಗು ಕಟ್ಟುವ ಊರು. ಜನಸಂಖ್ಯೆಯಲ್ಲಿ ನಮ್ಮ ಚಿತ್ರದುರ್ಗದಷ್ಟು. ಅಲ್ಲಿ ನ್ಯೂ ಬ್ರಿಯರ್‌ಫೀಲ್ಡ್ ಎಂಬ, ಸುಮಾರು 450 ಮನೆಗಳ ವಸತಿ ಸಮುಚ್ಚಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಕೂಲಿಗಳಿಗೆಂದು ತಾತ್ಕಾಲಿಕವಾಗಿ ಕಟ್ಟಿದ್ದು. ತಾತ್ಕಾಲಿಕ ಎಂದರೆ ನಲವತ್ತು ವರ್ಷ ಎಂಬುದು ಅಮೆರಿಕದಲ್ಲೂ ಉಂಟು. ಊರಿನಲ್ಲಿ ಮನೆಗಳ್ಳತನ ಅತಿ ಹೆಚ್ಚು ಅಲ್ಲೇ. ಇಲಾಖೆ ಅಲ್ಲಿಗೆ ಜಾಥಾ ಕಳಿಸಲಿಲ್ಲ. ಒಬ್ಬ ಪತ್ತೇದಾರನಿಗೆ ಹೊಣೆ ವಹಿಸಿತು. ಆತ ಮನೆ ಮನೆಗೆ ಪೊಲೀಸರನ್ನು ಕಳಿಸಿ ನಿಮ್ಮ ತೊಂದರೆ ಏನು ಎಂದು ಕೇಳಿಸಿದ. ಜನ ಕಳ್ಳರ ಬಗ್ಗೆ ಹೇಳಿದಷ್ಟೇ ಕಟ್ಟಡದ ಬಗ್ಗೆಯೂ ಹೇಳಿದರು. ಚೌಕಟ್ಟು ಕೊಳೆತಿದೆ, ಬೀಗ ಹಾಕಿದರೂ ಬಾಗಿಲು ನಿಲ್ಲುವುದಿಲ್ಲ, ಖಾಲಿ ಬಿದ್ದ ಮನೆಗಳು ಕಳ್ಳರಿಗೆ ಅಡಗುತಾಣ. ಪೊಲೀಸರು ಬೇರೆ ಇಲಾಖೆಗಳ ಬೆನ್ನು ಹತ್ತಿ ಕಸ ಎತ್ತಿಸಿದರು, ಬಿಟ್ಟುಹೋದ ಕಾರುಗಳನ್ನು ಸಾಗಿಸಿದರು, ರಸ್ತೆ ಗುಂಡಿ ಮುಚ್ಚಿಸಿದರು. ಕೊನೆಗೆ ಇದನ್ನು ಕೆಡವುವುದೇ ದಾರಿ ಎಂದೂ ಬರೆದುಕೊಟ್ಟರು. ಕಳ್ಳತನ ಸುಮಾರು ಶೇ 35ರಷ್ಟು ಇಳಿಯಿತು.

ನಮ್ಮಲ್ಲಿ ಪೊಲೀಸರು ರಸ್ತೆ ಗುಂಡಿಯ ಬಗ್ಗೆ ಪತ್ರ ಬರೆದರೆ ಏನಾಗುತ್ತದೆ? ನಗರಸಭೆ ಅದನ್ನು ಲೋಕೋಪಯೋಗಿಗೆ, ಲೋಕೋಪಯೋಗಿ ಅದನ್ನು ಒಳಚರಂಡಿ ಮಂಡಳಿಗೆ ಕಳಿಸುತ್ತದೆ. ಗುಂಡಿಗೆ ಬಿದ್ದವನ ಮೇಲೆ ಅಜಾಗರೂಕ ಚಾಲನೆಯ ಕೇಸು ದಾಖಲಾಗುತ್ತದೆ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ಮಹಾರಾಷ್ಟ್ರದ ಭಿವಂಡಿ ಇದೆ. 1984ರಲ್ಲಿ ಕೋಮುಗಲಭೆಯಲ್ಲಿ ಹೊತ್ತಿ ಉರಿದ ಮಗ್ಗಗಳ ಊರು. 1988ರಲ್ಲಿ ಅಲ್ಲಿಗೆ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಮುಂದಿನ ಸಾಲಿನ ಗಣ್ಯರನ್ನು ನೆಚ್ಚಿಕೊಳ್ಳದೆ ಹಿಂದೂ, ಮುಸ್ಲಿಂ ಎರಡೂ ಸಮುದಾಯಗಳ ಸಾಮಾನ್ಯರನ್ನು ಕೂರಿಸಿದರು. ಪೇದೆಗಳಿಗೆ ಆ ಸಭೆಗಳಲ್ಲಿ ನೀರು ಹಂಚುವುದಕ್ಕಿಂತ ದೊಡ್ಡ ಕೆಲಸವಿತ್ತು. ನಲ್ಲಿ ಜಗಳ, ಗಂಡ ಹೆಂಡಿರ ಜಗಳ ಕೂಡ ಅಲ್ಲಿಗೆ ಬರುತ್ತಿದ್ದವು. 1992–93ರಲ್ಲಿ ಪಕ್ಕದ ಮುಂಬೈ ಉರಿಯುವಾಗ ಭಿವಂಡಿ ತಣ್ಣಗಿತ್ತು. ನಮ್ಮಲ್ಲಿ ಅದರ ಅನುಕರಣೆಗೇನೂ ಕೊರತೆಯಿಲ್ಲ, ಸಮಿತಿಗಳು ಇವೆ. ಹಬ್ಬದ ವಾರದಲ್ಲಿ ಅವು ಕಡ್ಡಾಯವಾಗಿ ಜೀವಂತ ಇರುತ್ತವೆ.

ಹಾಗಂತ ಕರ್ನಾಟಕ ಸುಮ್ಮನೆ ಕೂತಿದೆ ಅನ್ನಬಾರದು. 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ರಾಜ್ಯದ ತುಂಬ ಬಂತು. ಒಬ್ಬೊಬ್ಬ ಪೇದೆಗೂ ತನ್ನದೇ ಬೀಟು, ಬೀಟಿಗೆ ಸಾರ್ವಜನಿಕ ಸದಸ್ಯರು. ಕಾಗದದ ಮೇಲೆ ಗೋಲ್ಡ್‌ಸ್ಟೈನರೇ ಮೆಚ್ಚುವಂಥದ್ದು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಬಂತು. ಅದೂ ಒಳ್ಳೆಯ ಯೋಚನೆಯೇ. ಮನೆ ಬಾಗಿಲಿಗೆ ಬರಬೇಕಾದ ಪೇದೆ ಮಾತ್ರ ಸೋಮವಾರ ಮಂತ್ರಿಗಳ ಬಂದೋಬಸ್ತ್‌ನಲ್ಲಿ, ಮಂಗಳವಾರ ಕೋರ್ಟಿನಲ್ಲಿ, ಬುಧವಾರ ಪ್ರತಿಭಟನೆಯಲ್ಲಿ, ಗುರುವಾರ ಜಾತ್ರೆಯಲ್ಲಿ, ಶುಕ್ರವಾರ ಸಾಹೇಬರ ಸಭೆಗೆ ಕುರ್ಚಿ ಹಾಕಿಸುತ್ತಾ ಇರುತ್ತಾನೆ. ಬೀಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನ ಹೆಸರಲ್ಲಿ ಬೆಳಿಗ್ಗೆ ಒಂದು ಶುಭೋದಯ ಬೀಳುತ್ತದೆ. ‘ಸಾರ್, ಕಂಬದ ಲೈಟು’ ಎಂದು ಯಾರೋ ಹಾಕಿದರೆ ಕೈಮುಗಿದ ಚಿತ್ರ ಬರುತ್ತದೆ. ಅದನ್ನು ದೂರು ಇತ್ಯರ್ಥ ಎಂದು ಎಣಿಸುತ್ತಾರೋ ಏನೋ.

ನ್ಯಾಯವಾಗಿ ಒಂದು ಹೇಳಬೇಕು. ಪೇದೆಗಳ ಒಂದು ಸಮಸ್ಯೆ ಶಾಸ್ತ್ರೋಕ್ತವಾಗಿ ಬಗೆಹರಿದಿದೆ. ಓಡಿದರೆ ಬೀಳುತ್ತದೆ, ಗಲಾಟೆಯಲ್ಲಿ ಉರುಳುತ್ತದೆ ಎಂದು ಅವರು ದಶಕಗಳಿಂದ ಗೊಣಗುತ್ತಿದ್ದ ಸ್ಲೋಚ್ ಹ್ಯಾಟ್ ಹೋಗಿ 2025ರ ಅಕ್ಟೋಬರ್‌ನಲ್ಲಿ ಪೀಕ್ ಕ್ಯಾಪ್ ಬಂತು. ತಲೆ ಯಾರದ್ದೋ ಅವರನ್ನು ಕೇಳಿ ಟೋಪಿ ಬದಲಿಸಿದರು. ಓಣಿ ಯಾರ ಬೀಟೋ ಅವರನ್ನು ಕೇಳಿ ಬಲ್ಬು ಹಾಕುವುದಕ್ಕೆ ಇನ್ನೆಷ್ಟು ದಶಕ ಬೇಕೋ.

ಅಂದಹಾಗೆ, ಆಸ್ಪತ್ರೆ ಓಣಿಯಲ್ಲಿ ಎಚ್ಚರಿಕೆಯ ಫ್ಲೆಕ್ಸ್ ಕಟ್ಟಿದ್ದಾಯಿತು, ದೀಪವಿಲ್ಲದ ಆ ಕಂಬಕ್ಕೇ. ಕಟ್ಟುವಾಗ ಫೋಟೊ ತೆಗೆದರು, ವರದಿಯ ‘ಫಲಿತಾಂಶ’ ಕಲಮಿನಲ್ಲಿ ‘ಉತ್ತಮ’ ಎಂದು ಬರೆದು ಮೇಲಕ್ಕೆ ಕಳಿಸಿದರು. ಸಂಜೆ ಆರೂವರೆಯ ಮೇಲೆ ಫ್ಲೆಕ್ಸ್ ಕಾಣುವುದಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು. ಫ್ಲೆಕ್ಸಿನ ಮೇಲೆ ಬೆಳಕು ಬೀಳುವಂತೆ ಒಂದು ದೀಪ ಹಾಕಿಸಿಕೊಡಿ ಎಂದು ನಗರಸಭೆಗೆ ಪತ್ರ ಹೋಯಿತು. ಬಲ್ಬು ಬಂದೇಬಿಡುತ್ತಿತ್ತು, ಅಷ್ಟರಲ್ಲಿ ನಗರಸಭೆಯವರು ಕಡತ ತಿರುವಿ, ಫ್ಲೆಕ್ಸ್ ಕಟ್ಟಲು ಅನುಮತಿಯನ್ನೇ ಪಡೆದಿಲ್ಲವೆಂದು ಕಂಡು, ಅದನ್ನು ಬಿಚ್ಚಿಕೊಂಡು ಹೋದರು. ಬಿಚ್ಚುವಾಗ ಅವರೂ ಫೋಟೊ ತೆಗೆದಿದ್ದಾರೆ, ಅನಧಿಕೃತ ಫ್ಲೆಕ್ಸ್ ತೆರವು ಅಭಿಯಾನಕ್ಕೆ. ಹೊಸ ಫ್ಲೆಕ್ಸಿಗೆ ಚಿನ್ನದಂಗಡಿಯವರು ಒಪ್ಪಿದ್ದಾರೆ. ಈ ಸಲ ಎಂಟು ಮುಖ.