ಆಯ್ದ ಆಸ್ಪತ್ರೆಯ ಮೂವತ್ತು ರೋಗಿಗಳು

ಲಕ್ವಕ್ಕೆ ಕಿಂಚಿತ್ತಾದರೂ ಮಾನ ಮರ್ಯಾದೆ ಇದ್ದಿದ್ದರೆ ಅದು ಬೆಂಗಳೂರಿನ ಸೌತ್ ಎಂಡ್ ಸರ್ಕಲ್ ದಾಟಿ ಈಚೆಗೆ ಕಾಲಿಡಬಾರದಿತ್ತು. ಮಿದುಳಿಗೆ ಇಂಥ ಕಾವಲು ಇನ್ನೆಲ್ಲಿದೆ? ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ಅಲ್ಲೇ ಆಸುಪಾಸಿನಲ್ಲಿ ಸಂಜಯ ಗಾಂಧಿ ಆಸ್ಪತ್ರೆ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ. ನಾಲ್ಕನೇ ಟಿ ಬ್ಲಾಕಿನಲ್ಲಿ ಜಯನಗರ ಜನರಲ್ ಆಸ್ಪತ್ರೆ. ಅದೇ ಬ್ಲಾಕಿನಲ್ಲಿ ರಾಜ್ಯದ ನೂರಾರು ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಸಾಲದ್ದಕ್ಕೆ ಜೆ.ಪಿ. ನಗರದಿಂದ ಬಿಟಿಎಂವರೆಗೆ ಬೀದಿ ಬೀದಿಗೂ ಫಿಸಿಯೋಥೆರಪಿ ಕ್ಲಿನಿಕ್ಕು. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್ಕು. ಖಾರಾ ಬನ್ ತಿನ್ನುವುದರಿಂದ ಹಿಡಿದು ಕರೆಂಟ್ ಇಡಿಸಿಕೊಳ್ಳುವವರೆಗೆ ಎಲ್ಲವೂ ಒಂದೇ ಕಟ್ಟಡದಲ್ಲಿ.

ಇಷ್ಟಿದ್ದೂ ಲಕ್ವ ಹೊಡೆಯುತ್ತದೆ. ಸಂಶೋಧನೆ ಸಾಲದು, ಅದಕ್ಕೇ ಹೀಗೆ ಎಂದು ಯಾರಾದರೂ ಅಂದರೆ ನಂಬಬೇಡಿ. ಸಂಶೋಧನೆ ಧಾರಾಳವಾಗಿ ನಡೆಯುತ್ತಿದೆ. ಅದು ನಡೆಯುವ ಬಗೆಯನ್ನು ಮಾತ್ರ ಒಮ್ಮೆ ನೋಡಬೇಕು.

ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧವನ್ನೇ ತೆಗೆದುಕೊಳ್ಳಿ. ಮೊದಲು ಶೀರ್ಷಿಕೆ. ಅದಕ್ಕೊಂದು ಅಚ್ಚು ಇದೆ: ‘ಬೆಂಗಳೂರಿನ ಆಯ್ದ ಆಸ್ಪತ್ರೆಯಲ್ಲಿನ ರಕ್ತದೊತ್ತಡದ ರೋಗಿಗಳಲ್ಲಿ ಪಾರ್ಶ್ವವಾಯು ತಡೆಗಟ್ಟುವ ಕುರಿತಾದ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವವನ್ನು ಅಳೆಯುವ ಒಂದು ಅಧ್ಯಯನ.’ ಒಂದೇ ಉಸಿರಿಗೆ ಓದಿ ಮುಗಿಸಿದವರ ಶ್ವಾಸಕೋಶ ಗಟ್ಟಿಯಾಗಿದೆ ಎಂದು ಬರೆದುಕೊಡಬಹುದು. ಪಾರ್ಶ್ವವಾಯು ತೆಗೆದು ಡೆಂಗಿ ಹಾಕಿದರೆ ಮುಂದಿನ ಬ್ಯಾಚಿನ ಶೀರ್ಷಿಕೆ ಸಿದ್ಧ. ಮಂಡಿನೋವು ಹಾಕಿದರೆ ಅದರ ಮುಂದಿನದು.

ಆಮೇಲೆ ರೋಗಿಗಳು. ಅವರು ಮೂವತ್ತು ಜನ. ಏಕೆ ಮೂವತ್ತು ಎಂದು ಕೇಳಬಾರದು, ಹಿಂದಿನ ವರ್ಷವೂ ಮೂವತ್ತೇ ಇದ್ದರು. ಆಯ್ಕೆ ‘ಅನುಕೂಲಕರ ಮಾದರಿ’ ಪದ್ಧತಿಯಂತೆ, ಅಂದರೆ ವಾರ್ಡಿನಿಂದ ಎದ್ದು ಓಡಲಾಗದವರು. ಅವರ ಮುಂದೆ ಪ್ರಶ್ನಾವಳಿ ಹಿಡಿಯುತ್ತಾರೆ. ಉಪ್ಪು ಹೆಚ್ಚು ತಿಂದರೆ ಏನಾಗುತ್ತದೆ? ಹತ್ತು ಜನ ಸರಿಯಾಗಿ ಹೇಳುತ್ತಾರೆ. ಆಮೇಲೆ ಚಾರ್ಟು ತೋರಿಸಿ, ಉಪ್ಪು ಹೆಚ್ಚಾದರೆ ಬಿಪಿ ಏರುತ್ತದೆ ಎಂದು ಪಾಠ. ಒಂದು ವಾರ ಕಳೆದು ಅದೇ ಪ್ರಶ್ನೆ ಮತ್ತೆ. ಈಗ ಇಪ್ಪತ್ತಾರು ಜನ ಸರಿಯಾಗಿ ಹೇಳುತ್ತಾರೆ. ಪಿ ವ್ಯಾಲ್ಯೂ, ಅಂದರೆ ಇದು ಕಾಕತಾಳೀಯವಲ್ಲ ಎನ್ನಲು ನೋಡುವ ಅಂಕಿ, 0.05ಕ್ಕಿಂತ ಕಡಿಮೆ. ಪ್ರಯೋಗ ಯಶಸ್ವಿ! ಹೇಳಿಕೊಟ್ಟದ್ದನ್ನು ಕೇಳಿದರೆ ಜನ ಹೇಳುತ್ತಾರೆ ಎಂಬ ಸತ್ಯ ಹೀಗೆ ವೈಜ್ಞಾನಿಕವಾಗಿ ಸಾಬೀತಾಗುತ್ತದೆ. ಆ ಮೂವತ್ತು ಜನರ ಬಿಪಿ ಇಳಿಯಿತೇ, ಮನೆಯ ಉಪ್ಪಿನಕಾಯಿ ಭರಣಿ ಕದಲಿತೇ ಎಂಬುದು ‘ಅಧ್ಯಯನದ ವ್ಯಾಪ್ತಿಗೆ ಹೊರತಾದ’ ವಿಷಯ. ಕೊನೆಯ ಅಧ್ಯಾಯದಲ್ಲಿ ‘ಇನ್ನೂ ಹೆಚ್ಚು ಜನರ ಮೇಲೆ ಇದೇ ಅಧ್ಯಯನ ನಡೆಯಬೇಕು’ ಎಂಬ ಶಿಫಾರಸು ಇರುತ್ತದೆ. ಮುಂದಿನ ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ: ಇನ್ನೊಂದು ಕಾಲೇಜು, ಇನ್ನು ಮೂವತ್ತು ಜನ. ದಪ್ಪ ರಟ್ಟು, ಚಿನ್ನದ ಅಕ್ಷರ, ಗ್ರಂಥಾಲಯದ ಕಪಾಟು, ಬೀಗ.

ಇದರಲ್ಲಿ ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಸಿನಾಪ್ಸಿಸ್ ಬರೆದು, ಎಥಿಕ್ಸ್ ಕಮಿಟಿಗೆ ಅಲೆದು, ವಾರ್ಡಿನ ಡ್ಯೂಟಿ ಮಾಡಿ, ಗೈಡ್ ಸಹಿಗೆ ಬಾಗಿಲಲ್ಲಿ ನಿಂತ ಮೇಲೆ ಉಳಿಯುವ ಸಮಯದಲ್ಲಿ ಮೂವತ್ತು ಜನ ಸಿಕ್ಕಿದ್ದೇ ಪುಣ್ಯ. ಅಚ್ಚು ಮಾಡಿಟ್ಟವರು ಬೇರೆ, ಅದರಲ್ಲಿ ಎರಕವಾಗುವವರು ಬೇರೆ.

ಈಗ ದೊಡ್ಡ ಸಂಶೋಧನೆಯ ಗತಿ ನೋಡಿ. ಲಕ್ವ ಹೊಡೆದವರಿಗೆ ಮನೆಯವರೇ ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ‘ಅಟೆಂಡ್’ ಎಂಬ ಪ್ರಯೋಗ ನಡೆಯಿತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಉಳಿದವರು ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲಿ ಶೇ 47, ಕೊಡದ ಗುಂಪಿನಲ್ಲೂ ಶೇ 47. ಮತ್ತೆ ಲಕ್ವ ಹೊಡೆಯದಂತೆ ಎಸ್ಸೆಮ್ಮೆಸ್, ವಿಡಿಯೋ, ಕೈಪಿಡಿಗಳನ್ನು 12 ಭಾಷೆಗಳಲ್ಲಿ ಕೊಟ್ಟು ನೋಡೋಣ ಎಂದು ‘ಸ್ಪ್ರಿಂಟ್ ಇಂಡಿಯಾ’ ಹೊರಟಿತು. 31 ಕೇಂದ್ರ, 4,298 ರೋಗಿಗಳು. ಲಾಭ ಕಾಣುವುದಿಲ್ಲ ಎಂದು ಖಚಿತವಾದಾಗ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ, ಅದನ್ನೂ ನೇರವಾಗಿ ಪ್ರಕಟಿಸಿದರು. ಸಾವಿರಾರು ರೋಗಿಗಳಿಗೆ ಸಂದೇಶ ಕಳಿಸಿದರೆ ಲಕ್ವ ನಿಲ್ಲುವುದಿಲ್ಲ, ಮೂವತ್ತು ರೋಗಿಗಳಿಗೆ ಚಾರ್ಟ್ ತೋರಿಸಿದರೆ ಮಾತ್ರ ವಿಜಯ ಗ್ಯಾರಂಟಿ. ಲ್ಯಾನ್ಸೆಟ್ಟಿನವರು ನಮ್ಮ ಗೈಡುಗಳ ಹತ್ತಿರ ಟ್ಯೂಷನ್‌ಗೆ ಬರುವುದು ವಾಸಿ.

ಗೊತ್ತಾಗಬೇಕಾದದ್ದು ಗೊತ್ತಾಗಿ ಎಷ್ಟೋ ಕಾಲವಾಗಿದೆ. ನಮ್ಮ ಪಕ್ಕದ ಕೋರಮಂಗಲದ ಸೇಂಟ್ ಜಾನ್ಸ್‌ನವರೂ ಕೈಜೋಡಿಸಿದ ‘ಇಂಟರ್‌ಸ್ಟ್ರೋಕ್’ ಅಧ್ಯಯನ 32 ದೇಶಗಳಲ್ಲಿ ಹುಡುಕಾಡಿ 2016ರಲ್ಲಿ ಹೇಳಿತು: ಲಕ್ವದ ಅಪಾಯದಲ್ಲಿ ಶೇ 90ರಷ್ಟಕ್ಕೆ ಹತ್ತೇ ಕಾರಣ, ಎಲ್ಲದಕ್ಕಿಂತ ದೊಡ್ಡದು ಬಿಪಿ. ಅದಕ್ಕೆ ಮಾತ್ರೆ ಇದೆ, ಅಗ್ಗ, ಬೀದಿಗೆರಡು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆದರೆ ನಮ್ಮ ಬನಶಂಕರಿ ಎರಡನೇ ಹಂತದ ರಾಯರು ಮಾತ್ರೆ ನುಂಗಿ ಬಿಪಿ ನಾರ್ಮಲ್ ಬಂದ ದಿನವೇ ಮಾತ್ರೆ ಬಿಟ್ಟರು. ‘ವಾಸಿಯಾದ ಮೇಲೆ ಯಾಕ್ರೀ ತಗೋಬೇಕು?’ ಅವರು ದಿನಾ ಬೆಳಿಗ್ಗೆ ಪಾರ್ಕಿಗೆ ನಾಲ್ಕು ಸುತ್ತು ಹಾಕುತ್ತಾರೆ. ಐದನೇ ಸುತ್ತು ದರ್ಶಿನಿಯ ಕಡೆಗೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಪಾಪ, ಕಾಂಗ್ರೆಸ್ ಕಡಲೆಕಾಯಿ ಬೀಜದ ರುಚಿ ನೋಡಿಲ್ಲ.

ಒಂದು ಬೆಳಿಗ್ಗೆ ರಾಯರ ಬಾಯಿ ಸೊಟ್ಟಗಾಗಿ ಬಲಗೈಯಿಂದ ಕಾಫಿ ಲೋಟ ಜಾರಿತು. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ತಡವಾದಂತೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವೂ ಇದೆ. ಒಳಗೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂದು ಸಿಟಿ ಸ್ಕ್ಯಾನ್ ಮಾಡದೆ ಹೇಳಲು ಸಾಧ್ಯವಿಲ್ಲ. ರಾಯರ ಮನೆಯಲ್ಲಿ ಮೊದಲು ವಾಟ್ಸ್ಯಾಪ್ ನೋಡಿ ಹತ್ತೂ ಬೆರಳಿಗೆ ಸೂಜಿ ಚುಚ್ಚಿದರು. ಆಮೇಲೆ ‘ಗ್ಯಾಸ್ ಇರಬೇಕು ಕಣೋ’ ಎಂದು ಜೀರಿಗೆ ಕಷಾಯ ಕುಡಿಸಿದರು. ಆಮೇಲೆ ಫ್ಯಾಮಿಲಿ ಡಾಕ್ಟರು, ಬಾಗಿಲು ತೆರೆಯುವುದು ಹತ್ತೂವರೆಗೆ. ಆಮೇಲೆ ಮೂಲೆಯ ನರ್ಸಿಂಗ್ ಹೋಮು, ಅಲ್ಲಿ ಸ್ಕ್ಯಾನ್ ಇಲ್ಲ, ಡ್ರಿಪ್ ಇದೆ. ಊರಿನಿಂದ ಬಂದ ಷಡ್ಡಕರು ಪಾರಿವಾಳದ ರಕ್ತದ ಪ್ರಸ್ತಾಪವನ್ನೂ ಇಟ್ಟರು. ಕೊನೆಗೆ ಆ್ಯಂಬುಲೆನ್ಸ್ ಹತ್ತಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಗಡುವು ಮುಗಿದಿತ್ತು. ಇದರಲ್ಲಿ ಯಾವ ಹೆಜ್ಜೆಯಲ್ಲಿ ಎಷ್ಟು ಹೊತ್ತು ಸೋರಿತು? ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಆದರೆ ಅದಕ್ಕೆ ರಾಯರ ಮನೆಯವರನ್ನು ಹುಡುಕಿ ಹೋಗಬೇಕು. ವಾರ್ಡು ಅನುಕೂಲ.

ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಪಟ್ಟಿ ಮುಗಿದ ಮೇಲೆ ಕೊನೆಯ ಸಾಲು: ‘ಫಿಸಿಯೋಥೆರಪಿ ಮಾಡಿಸುವುದು.’ ಎಷ್ಟು ದಿನ, ಯಾರಿಂದ, ಯಾವ ದುಡ್ಡಿನಲ್ಲಿ ಎಂದು ಬರೆಯಲು ಜಾಗ ಸಾಲಲಿಲ್ಲ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ಹಣ ಕೊಡುತ್ತದೆ, ಮನೆಗೆ ಬಂದು ಎದ್ದು ನಡೆಯಲು ಹೊರಟವರಿಗೆ ಹೆಚ್ಚು ದಿನ ಕೊಡುವುದಿಲ್ಲ. ಕೈಗೆ ಫಿಸಿಯೋ, ಮಾತಿಗೆ ಸ್ಪೀಚ್ ಥೆರಪಿ, ಪಂಚೆ ಉಡಲು, ಅನ್ನ ಕಲಸಲು ಆಕ್ಯುಪೇಷನಲ್ ಥೆರಪಿ. ಮೂರಕ್ಕೂ ತಿಂಗಳುಗಟ್ಟಲೆ ಹಣ ಹೊಂದಿಸಬಲ್ಲ ಪಿಂಚಣಿ ಯಾವುದು? ಎರಡನೇ ತಿಂಗಳಿಗೆ ರಾಯರ ಮನೆಯವರು ನಿಲ್ಲಿಸಿದರು.

ಅಷ್ಟರಲ್ಲಿ ದೆಹಲಿಯಲ್ಲಿ ಇದಕ್ಕಿಂತ ಗಹನವಾದ ಚರ್ಚೆ ನಡೆದಿತ್ತು. ಫಿಸಿಯೋಥೆರಪಿಯಂಥ ಈ ವೃತ್ತಿಗಳಿಗೆಂದೇ 2021ರಲ್ಲಿ ಕಾನೂನು ಬಂದು ರಾಷ್ಟ್ರೀಯ ಆಯೋಗವೂ ರಚನೆಯಾಗಿದೆ. ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ ‘ಡಾ.’ ಹಾಕಬಾರದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್ 9ರಂದು ಪತ್ರ ಬರೆಯಿತು. ಸೆಪ್ಟೆಂಬರ್ 10ರಂದು ಆ ಪತ್ರವನ್ನು ಹಿಂತೆಗೆದುಕೊಂಡಿತು. ಸರ್ಕಾರಿ ಕಡತ ಒಂದೇ ದಿನದಲ್ಲಿ ಹೋಗಿ ವಾಪಸ್ ಬಂದ ಈ ವೇಗವನ್ನು ಆ್ಯಂಬುಲೆನ್ಸಿಗೆ ಜೋಡಿಸುವ ಬಗ್ಗೆ ಯಾರಾದರೂ ಅಧ್ಯಯನ ಮಾಡಬೇಕು. ರಾಯರ ಬಲಗೈ ಮುಷ್ಟಿ ಇನ್ನೂ ಬಿಚ್ಚಿಲ್ಲ. ಬಿಚ್ಚಿಸುವವರನ್ನು ಡಾಕ್ಟರ್ ಅನ್ನಲೂ ಸಿದ್ಧ, ದೇವರು ಅನ್ನಲೂ ಸಿದ್ಧ. ವಾರಕ್ಕೆ ಮೂರು ದಿನ ಬಂದರೆ ಸಾಕು.

ನಡಿಗೆ ಚೇತರಿಸಿದೆಯೇ ಎಂದು ನೋಡಲು ಹತ್ತು ಮೀಟರ್ ನಡಿಗೆಯ ಪರೀಕ್ಷೆ ಇದೆ. ಕ್ಲಿನಿಕ್ಕಿನ ನುಣುಪು ನೆಲದಲ್ಲಿ ರಾಯರು ಪಾಸಾದರು. ಬಿಟಿಎಂ ಲೇಔಟಿನಲ್ಲಿ ಚಪ್ಪಡಿ ಅಲುಗದ, ಟ್ರಾನ್ಸ್‌ಫಾರ್ಮರ್ ಅಡ್ಡ ಬಾರದ, ಬೈಕು ಹತ್ತದ ಹತ್ತು ಮೀಟರ್ ಫುಟ್‌ಪಾತನ್ನು ಯಾರಾದರೂ ಹುಡುಕಿ ಕೊಟ್ಟರೆ ಅದು ಸ್ವತಂತ್ರ ಪಿಎಚ್‌ಡಿಗೆ ಅರ್ಹ.

ಅಕ್ಟೋಬರ್ 29ಕ್ಕೆ ವಿಶ್ವ ಪಾರ್ಶ್ವವಾಯು ದಿನ. ಬ್ಯಾನರು, ಟೀ ಶರ್ಟು, ಬಲೂನು, ವಾಕಥಾನ್. ಕೊನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ನಡೆಯುವವರೆಲ್ಲ ನಡೆಯಲು ಬರುವವರೇ. ರಾಯರು ಬಾಲ್ಕನಿಯಿಂದ ನೋಡುತ್ತಾರೆ.

ವ್ಯಂಗ್ಯ ಸಾಕು, ಲೆಕ್ಕ ಹೇಳುತ್ತೇನೆ. ನೂರು ವಿದ್ಯಾರ್ಥಿಗಳು ತಲಾ ಮೂವತ್ತು ರೋಗಿಗಳನ್ನು ನೋಡಿದರೆ ಮೂರು ಸಾವಿರವಾಯಿತು, ಅಟೆಂಡ್‌ಗಿಂತ ದೊಡ್ಡದು. ಅಷ್ಟೂ ಜನರಿಗೆ ವಿಶ್ವವಿದ್ಯಾಲಯ ಒಂದೇ ಪ್ರಶ್ನಾವಳಿ ಕೊಡಲಿ. ಆಸ್ಪತ್ರೆ ತಲುಪಲು ಎಷ್ಟು ಹೊತ್ತಾಯಿತು, ಎಲ್ಲಿ ತಡವಾಯಿತು? ಒಂದು ವರ್ಷದ ಮೇಲೂ ಬಿಪಿ ಮಾತ್ರೆ ನುಂಗುತ್ತಿರುವವರು ಎಷ್ಟು? ಮೂರನೇ ತಿಂಗಳಲ್ಲೂ ಥೆರಪಿ ಸಿಗುತ್ತಿರುವುದು ಯಾರಿಗೆ, ನಿಂತದ್ದು ಯಾಕೆ? ಒಬ್ಬ ವಿದ್ಯಾರ್ಥಿ ಬಿಟ್ಟ ಜಾಗದಿಂದ ಇನ್ನೊಬ್ಬರು ಹಿಡಿಯಲಿ. ಇದಕ್ಕೆ ಹೊಸ ಕಟ್ಟಡ, ರೋಬಾಟು, ವಿದೇಶ ಪ್ರವಾಸ ಯಾವುದೂ ಬೇಡ. ಮೂವತ್ತು ಮೂವತ್ತಾಗಿ ಚೂರು ಮಾಡಿ ಕಪಾಟಿಗೆ ಸೇರಿಸುವುದನ್ನು ನಿಲ್ಲಿಸಿದರೆ ಸಾಕು.

ಅದು ಆಗುವವರೆಗೆ ನೀವು ಕಾಯಬೇಡಿ. ಇವತ್ತೇ ಬಿಪಿ ನೋಡಿಸಿಕೊಳ್ಳಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಮನೆಯಲ್ಲಿ ಯಾರದಾದರೂ ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಸೂಜಿ ಹುಡುಕದೆ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಇಷ್ಟು ಮಾಡಲು ಯಾರ ಪಿ ವ್ಯಾಲ್ಯೂ ಕೂಡ ಬೇಕಿಲ್ಲ.