ಡಾಕರ್ ನೋಡಿ ಬಂದವರಿಗೆ ಸವಣೂರಲ್ಲಿ ಬೆಲೆಯಿಲ್ಲ

ಸೆನೆಗಲ್‌ನ ಡಾಕರ್‌ನಲ್ಲಿ ನಾಲ್ಕು ದಿನ ಇದ್ದು ಬಂದವರು ಸವಣೂರಿನಲ್ಲಿ ಜಂಬ ಕೊಚ್ಚಿಕೊಂಡರೆ ನಡೆಯುವುದಿಲ್ಲ. "ಬಾವೊಬಾಬ್ ಅಂತ ಭಾರೀ ಗಿಡ..." ಎನ್ನುವಷ್ಟರಲ್ಲಿ, "ನಮ್ಮ ದೊಡ್ಡಹುಣಸಿ ಏನ್ರೀ? ಮಠದಾಗ ಮೂರು ಅದಾವಲ್ರಿ!" ಎಂದು ಬಾಯಿ ಮುಚ್ಚಿಸುತ್ತಾರೆ. ಸೆನೆಗಲ್ ತನ್ನ ರಾಷ್ಟ್ರಲಾಂಛನದಲ್ಲಿ ಸಿಂಹದ ಜೊತೆ ನಿಲ್ಲಿಸಿಕೊಂಡ ಮರ ನಮ್ಮ ದೊಡ್ಡಹುಣಸೆ ಕಲ್ಮಠದಲ್ಲಿ ಶತಮಾನಗಳಿಂದ ಠಿಕಾಣಿ ಹೂಡಿದೆ. ಸೆನೆಗಲ್‌ನವರು ಅದರ ಹಣ್ಣಿನ ಶರಬತ್ತು ಕುಡಿಯುತ್ತಾರೆ. ಸವಣೂರು ಖಾರ ತಿಂದು ಎಲೆ ಮೆಲ್ಲುವ ನಾವು ಬರೀ ಕೈಮುಗಿಯುತ್ತೇವೆ. 2023ರಲ್ಲಿ ಒಂದು ಮರ ಉರುಳಿದಾಗ ಎಬ್ಬಿಸಿ ಮತ್ತೆ ನೆಟ್ಟದ್ದೂ ಆಯಿತು. ನವಾಬರ ರಾಜಧಾನಿ ತಾಲ್ಲೂಕು ಕೇಂದ್ರವಾದರೂ ಈ ಆಫ್ರಿಕದ ಅತಿಥಿ ವಾಪಸ್ ಟಿಕೆಟ್ ಕೇಳಿಲ್ಲ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಬೀಗರು ಮಾತ್ರ ಊಟ ಮುಗಿಯುವ ಮೊದಲೇ "ಕಡೀ ಬಸ್ ಎಷ್ಟಕ್ಕೈತ್ರಿ?" ಎನ್ನುತ್ತಾರೆ.